ಬೂದನ ಮೌನವ್ರತ

ಕಾಡಿನ ನಡುವೆ ಒಂದು ಬೌದ್ಧ ವಿಹಾರ. ಅಲ್ಲಿ ಬೂದನೆಂಬ ನಾಯಿ ಇತ್ತು. ಭಿಕ್ಷುಗಳು ಮೌನವಾಗಿ ಕೂರುವುದನ್ನು ನೋಡಿ ನೋಡಿ ಅದೂ ಬೊಗಳುವುದನ್ನು ಬಿಟ್ಟಿತ್ತು. "ಬೂದನಿಗಿರುವ ಶಾಂತಿ ನಮಗೆಲ್ಲಿ!" ಎಂದು ಹಿರಿಯ ಭಿಕ್ಷು ರೇವತರು ಒಮ್ಮೆ ಮೆಚ್ಚಿಕೊಂಡ ಮೇಲಂತೂ ಗುರುಗುಟ್ಟುವುದನ್ನೂ ಬಿಟ್ಟಿತು.

ಒಂದು ಸಂಜೆ ಭಿಕ್ಷುಗಳೆಲ್ಲ ಧ್ಯಾನಕ್ಕೆ ಕೂತಿದ್ದಾಗ ಜಿಂಕೆಯೊಂದು ಏದುಸಿರು ಬಿಡುತ್ತ ಬೂದನ ಬಳಿ ಓಡಿಬಂತು.

"ಅಣ್ಣಾ, ನನ್ನ ಮರಿ ಕೊಳದಲ್ಲಿ ನೀರು ಕುಡಿಯುತ್ತಿದೆ. ಪಕ್ಕದ ಪೊದೆಯಲ್ಲಿ ಚಿರತೆ ಹೊಂಚು ಹಾಕಿದೆ. ನೀನು ಬೊಗಳಿದರೆ ಭಿಕ್ಷುಗಳು ಹೊರಗೆ ಬಂದಾರು, ಚಿರತೆ ಓಡೀತು."

"ತಂಗೀ, ನಾನು ಬೊಗಳದ ವ್ರತ ಹಿಡಿದು ವರ್ಷಗಳಾದವು. ಬೊಗಳಿದರೆ ವ್ರತ ಮುರಿಯುತ್ತದೆ."

"ವ್ರತವನ್ನು ನಾಳೆ ಮತ್ತೆ ಹಿಡಿಯಬಹುದು, ಅಣ್ಣಾ. ಮರಿ ನಾಳೆಗೆ ಇರುವುದಿಲ್ಲ."

ಬೂದ ಕೊಳದ ಕಡೆ ನೋಡಿತು. ಪೊದೆ ಅಲುಗಿತು. ಮರುಕ್ಷಣವೇ ಬೂದ ಕೊಳದತ್ತ ಓಡುತ್ತ, ಇಷ್ಟು ವರ್ಷ ತಡೆದಿಟ್ಟಿದ್ದನ್ನೆಲ್ಲ ಸೇರಿಸಿ ಬೊಗಳಿತು. ಭಿಕ್ಷುಗಳು ಗಾಬರಿಯಿಂದ ಎದ್ದು ಬಂದರು. ಚಿರತೆ ಕಾಡಿನೊಳಗೆ ನುಸುಳಿತು.

ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಬೂದನಿಗೆ ನಾಚಿಕೆಯಾಯಿತು. ಬಾಲ ಮುದುಡಿಕೊಂಡು ದೂರದ ಮರದಡಿ ಹೋಗಿ ಮಲಗಿತು. ತಾಯಿಯ ಜೊತೆ ಅಲ್ಲಿಗೂ ಬಂದ ಮರಿ, ಇನ್ನೂ ನಡುಗುತ್ತ, ಬೂದನ ಹೊಟ್ಟೆಗೆ ಒತ್ತಿಕೊಂಡು ಹಾಗೇ ನಿದ್ದೆಹೋಯಿತು.

ಸ್ವಲ್ಪ ಹೊತ್ತಿಗೆ ರೇವತರು ಹುಡುಕಿಕೊಂಡು ಬಂದರು. "ಏಳು ಬೂದಾ, ಒಳಗೆ ಬಾ" ಎಂದು ಕರೆದರು.

ಮರಿಗೆ ಎಚ್ಚರವಾದೀತೆಂದು ಬೂದ ಬಾಲವನ್ನೂ ಅಲ್ಲಾಡಿಸಲಿಲ್ಲ. ರೇವತರು ಅದನ್ನು ನೋಡಿ, ತಾವೂ ಸದ್ದಿಲ್ಲದೆ ಪಕ್ಕದಲ್ಲಿ ಕೂತರು.