ಹಿಂಬದಿಯ ಮೆಟ್ಟಿಲು

ದಾವಣಗೆರೆಯಲ್ಲೊಂದು ಮೂರಂತಸ್ತಿನ ವಠಾರ. ಬಡವರಿಗೆ ಕಡಿಮೆ ಬಾಡಿಗೆಗೆ ಮನೆ ಕೊಡುತ್ತೇನೆಂದು ಯಜಮಾನ ತಿಪ್ಪೇಸ್ವಾಮಿ ಸರ್ಕಾರದ ಸಹಾಯಧನ ಪಡೆದಿದ್ದ. ಬೆಂಕಿ ಬಿದ್ದರೆ ಇಳಿದು ಓಡಲು ಹಿಂಬದಿಯಲ್ಲೂ ಒಂದು ಮೆಟ್ಟಿಲು ಸದಾ ತೆರೆದಿರಬೇಕೆಂಬುದು ನಿಯಮ. ಅವನೋ ಅದರ ಕೆಳಬಾಗಿಲಿಗೆ ಬೀಗ ಜಡಿದು, ಒಳಗೆ ಮೆಣಸಿನಕಾಯಿ ಚೀಲ ಒಟ್ಟಿದ್ದ.

ತಪಾಸಣೆಯ ದಿನ ಶುಕ್ರವಾರ. ವಠಾರದಲ್ಲೇ ಬಾಡಿಗೆಗಿದ್ದು ಕಸ ಗುಡಿಸುವ ಹೆಂಗಸನ್ನು ಯಜಮಾನ ಕರೆದ. "ಸಾಹೇಬ್ರು ಕೇಳಿದ್ರೆ ಹಿಂದಿನ ಬಾಗಿಲು ಯಾವಾಗ್ಲೂ ತೆರೆದೇ ಐತಿ ಅನ್ನು. ಬಾಯಿ ಬಿಟ್ಟರೆ ನಾಳೆನೇ ಮನೆ ಖಾಲಿ ಮಾಡಿಸ್ತೀನಿ."

"ಆತು ಯಜಮಾನ್ರೇ," ಎಂದಳು ಆಕೆ.

ಅಧಿಕಾರಿ ಮೇಲಿನ ಅಂತಸ್ತಿನಲ್ಲಿ ಕೂತು ಕಾಫಿ ಕುಡಿದ. ಹಿಂದಿನ ಮೆಟ್ಟಿಲು ಕೆಳಗಿನವರೆಗೂ ಖಾಲಿ ಎಂದು ಯಜಮಾನ ಆಣೆ ಇಟ್ಟ. ಇಳಿದು ನೋಡುವ ಉಸಾಬರಿ ಯಾಕೆಂದು ಅಧಿಕಾರಿ ಸಹಿಗೆ ಪೆನ್ನು ತೆಗೆದ.

ಆಗ ಮುಂದಿನ ಮೆಟ್ಟಿಲಿನಿಂದ ದಟ್ಟ ಹೊಗೆ ನುಗ್ಗಿತು. ಅಧಿಕಾರಿ ದಡಬಡನೆ ಎದ್ದು ಹಿಂದಿನ ಮೆಟ್ಟಿಲಿನ ಕಡೆ ಓಡಿದ. ಯಜಮಾನ ಅವನ ಅಂಗಿ ಹಿಡಿದು ಜಗ್ಗಿ ಕಿರುಚಿದ. "ಆ ಕಡೆ ಬ್ಯಾಡ ಸಾಹೇಬ್ರೇ! ಕೆಳಗೆ ಬೀಗ ಐತಿ, ಸತ್ತು ಹೋಗ್ತೀರಿ!"

ಹೊಗೆಯೊಳಗಿಂದ ಆಕೆ ಧೂಪದ ಬಾಂಡ್ಲಿ ಹಿಡಿದು ಬಂದಳು. "ಶುಕ್ರವಾರದ ಧೂಪ ಸಾಹೇಬ್ರೇ. ತೆಂಗಿನ ನಾರು ಒಂಚೂರು ಹಸಿ ಇತ್ತು."

ಅಧಿಕಾರಿ ಪೆನ್ನು ಜೇಬಿಗಿಟ್ಟು, ಬೀಗದ ಕೈಗಾಗಿ ಕೈಚಾಚಿದ.

ಆಕೆ ಬಾಂಡ್ಲಿ ಕೆಳಗಿಟ್ಟಳು. "ಹೋದ ದೀಪಾವಳಿಗೆ ಇಲ್ಲೇ ಬೆಂಕಿ ಬಿದ್ದಾಗ ನಮ್ಮವ್ವನೂ ಆ ಕಡೆನೇ ಓಡಿದ್ಲು ಯಜಮಾನ್ರೇ. ಸೆರಗು ಹಿಡಿದು ಜಗ್ಗಾಕೆ ನೀವು ಇರ್ಲಿಲ್ಲ."