ಗುಂಡರಸ ಚುಕ್ಕಿಯಾಗಲು ಹೋದದ್ದು

ಒಂದಾನೊಂದು ಊರಿನಲ್ಲಿ ಗುಂಡರಸ ಅಂತ ಒಬ್ಬ ರಾಜ ಇದ್ದ. ಯಾವ ಊರು ಅಂತ ಕೇಳಬೇಡಿ. ಹೇಳಿದ್ರೆ ಆ ಊರಿನವರು ನನ್ನ ಮನೆ ಬಾಗಿಲಿಗೆ ಜಗಳಕ್ಕೆ ಬರ್ತಾರೆ. ಸುಮ್ಮನೆ ಕೂತು ಕೇಳಿ. ಏಯ್ ಪುಟ್ಟೀ, ಕಡಲೆಕಾಯಿ ಸಿಪ್ಪೆ ನನ್ನ ಮಡಿಲಿಗೆ ಹಾಕಬೇಡ.

ಹೆಸರು ಗುಂಡರಸ, ಆಳು ನೋಡಿದ್ರೆ ನುಗ್ಗೆಕಾಯಿ. ಅದಕ್ಕೇ ಏನೋ, ಅವನಿಗೆ ದಪ್ಪದ ಹುಚ್ಚು. ದಪ್ಪ ದಿಂಬು, ದಪ್ಪ ರೊಟ್ಟಿ, ದಪ್ಪ ಮಂತ್ರಿ. ಒಂದು ದಿನ ಕೋಟೆ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿದ್ದ ತನ್ನ ಹೆಸರು ನೋಡ್ದ. ಮೂತಿ ಸೊಟ್ಟಗೆ ಮಾಡ್ದ.

"ಏನಿದು, ಗೋಡೆಗೆ ಅಂಟಿಸಿದ ಹಪ್ಪಳ! ನನ್ನ ಹೆಸರಿಗೆ ದಪ್ಪ ಬೇಕು. ಅಕ್ಷರದ ಮೇಲೆ ಕಾಗೆ ಕೂರಬೇಕು. ಅದರ ನೆರಳಲ್ಲಿ ನಾಯಿ ಮಲಗಬೇಕು."

ಬರೆಯೋರು ಯಾರು? ಊರಿನ ಶಾಲೇಲಿ ಕಾಳಾಚಾರಿ ಅಂತ ಚಿತ್ರದ ಮೇಷ್ಟ್ರು ಇದ್ರು. ಬಾಯಿ ಜೋರು, ಮನಸ್ಸು ಬೆಣ್ಣೆ. ಮಕ್ಕಳನ್ನೆಲ್ಲ ಕರ್ಕೊಂಡು ಗೋಡೆ ಹತ್ರ ಬಂದ್ರು. ಗೋಡೆಯ ಆ ತುದೀಲಿ ಒಂದು ಚುಕ್ಕಿ ಇಟ್ರು.

"ನೋಡ್ರಪ್ಪಾ, ಮೊದಲು ಚುಕ್ಕಿ ಇಡಿ. ಆಮೇಲೆ ಗೆರೆ ಎಳಿ. ಆಮೇಲೆ ದಪ್ಪ ಮಾಡಿ. ಅಕ್ಷರದ ಮೂಲೆ ಮೂಲೆಯಿಂದ್ಲೂ ಗೆರೆ ಹೊರಟು ಆ ಚುಕ್ಕಿಗೇ ಸೇರಬೇಕು. ಚುಕ್ಕಿ ಹತ್ರ ಹೋದದ್ದೆಲ್ಲ ಚಿಕ್ಕದಾಗಬೇಕು. ತಪ್ಪಿದ್ರೆ ಕಿವಿ ಹಿಂಡ್ತೀನಿ."

"ಚುಕ್ಕಿ ಇಡಿ, ಗೆರೆ ಎಳಿ, ದಪ್ಪ ಮಾಡಿ!" ಅಂತ ಮಕ್ಕಳು ರಾಗವಾಗಿ ಹೇಳಿದ್ವು. ಹಗ್ಗ ಹಿಡಿದು ಎಳೆದ್ವು, ಇದ್ದಿಲಲ್ಲಿ ಗೀಚಿದ್ವು, ಕೆಮ್ಮಣ್ಣು ಬಳಿದ್ವು. ಈ ತುದಿಯ 'ಗುಂ' ಆನೆಯಷ್ಟಾಯ್ತು. ಚುಕ್ಕಿ ಪಕ್ಕದ 'ಸ' ಆಡಿನಷ್ಟಾಯ್ತು. ಮಾರನೇ ಬೆಳಗ್ಗೆ ನೋಡಿದ್ರೆ 'ಡ' ಮೇಲೆ ಕಾಗೆ ಕೂತಿತ್ತು, 'ರ' ನೆರಳಲ್ಲಿ ನಾಯಿ ಮಲಗಿತ್ತು.

ರಾಜ ಬಂದ. ಕುಣಿದಾಡಿಬಿಟ್ಟ. "ಭಲೇ ಮೇಷ್ಟ್ರೇ!" ಅಂತ ಬೆನ್ನು ತಟ್ಟಿದ. ಆಮೇಲೆ ಒಂದು ಗೆರೆ ಮೇಲೆ ಬೆರಳಿಟ್ಟ.

"ಈ ಗೆರೆ ಎಲ್ಲಿಗೆ ಹೋಗ್ತಿದೆ?"

"ಚುಕ್ಕಿ ಹತ್ರ, ಮಹಾಸ್ವಾಮಿ."

"ಈ ಗೆರೆ?"

"ಅದೂ ಚುಕ್ಕಿ ಹತ್ರಾನೇ."

"ಎಲ್ಲಾನೂ?"

"ಎಲ್ಲಾನೂ, ಮಹಾಸ್ವಾಮಿ."

ರಾಜನ ಮುಖ ಕಪ್ಪಿಟ್ಟಿತು. ಆ ಊರಿನ ಪದ್ಧತಿ ನಿಮಗೆ ಗೊತ್ತಿಲ್ಲ, ಹೇಳ್ತೀನಿ. ಅಲ್ಲಿ ಇನ್ನೊಬ್ಬರ ಮನೆಗೆ ಹೋದೋರು ಚಿಕ್ಕೋರು, ಮನೇಲೇ ಕೂತಿರೋರು ದೊಡ್ಡೋರು. ಹಾಗಾಗಿ ಬೀಗರ ಮನೆಗೆ ಬೀಗರು ಕಾಲಿಡ್ತಿರಲಿಲ್ಲ. ಮದುವೆ ಎಲ್ಲಾ ಬೀದಿ ನಡುವೇನೇ. ಯಾರಾದ್ರೂ ಸತ್ರೂ ಮಾತಾಡಿಸೋಕೆ ಹೋಗ್ತಿರಲಿಲ್ಲ, ಹೆಣಾನೇ ಬರ್ಲಿ ಅಂತಿದ್ರು.

"ನನ್ನ ಹೆಸರಿನ ಗೆರೆಗಳು ಇನ್ನೊಬ್ಬನ ಮನೆಗೆ ಹೋಗೋದಾ?" ಅಂತ ರಾಜ ಅಬ್ಬರಿಸಿದ. "ಹಿಡೀರಿ ಆ ಚುಕ್ಕೀನ!"

ಸಿಪಾಯಿಗಳು ಉಳಿ ತಗೊಂಡು ಚುಕ್ಕೀನ ಗೋಡೆಯಿಂದ ಕಿತ್ರು.

"ಅಯ್ಯೋ, ನಾನೇನು ಕರೆದ್ನಾ? ಬಂದೋರನ್ನ ಹೋಗಿ ಅನ್ನೋಕಾಗುತ್ತಾ?" ಅಂತು ಚುಕ್ಕಿ. ಯಾರು ಕೇಳ್ತಾರೆ? ಸೆರೆಮನೆ ಕಂಬಿ ಸಂದೀಲಿ ತೂರಿ ಹೋದೀತು ಅಂತ ಕುಂಕುಮದ ಭರಣಿಗೆ ಹಾಕಿ, ಮುಚ್ಚಳ ಬಿಗಿದು, ಅದಕ್ಕೊಬ್ಬ ಕಾವಲುಗಾರನ್ನ ಇಟ್ರು.

ಚುಕ್ಕಿ ಒಳಗೆ ಹೋಯ್ತಲ್ಲ, ಊರಿನ ದೂರವೆಲ್ಲ ಹೊರಟುಹೋಯ್ತು. ದೂರದ್ದು ಚಿಕ್ಕದಾಗೋದನ್ನೇ ಬಿಟ್ಟುಬಿಡ್ತು. ಆಚೆ ಸೀಮೆ ಬೆಟ್ಟ ಕೋಟೆ ಬಾಗಿಲಿಗೇ ಮೂಗು ತಾಗಿಸಿದಂಗೆ ಕಾಣ್ತು. ಹಾಲಿನ ನಿಂಗಮ್ಮ ಹೊಸಲಲ್ಲೇ ನಿಂತಂಗೆ ಕಂಡ್ಲು. ಜನ ಚೊಂಬು ಚಾಚಿದ್ರು. ಹಾಲು ಬೀಳಲಿಲ್ಲ.

"ಸುರಿಯೇ ತಾಯಿ, ಎಷ್ಟು ಹೊತ್ತು!"

"ನಾನಿನ್ನೂ ಕೆರೆ ಏರಿ ಮೇಲಿದ್ದೀನ್ರೋ, ಮೂದೇವಿಗಳಾ!" ಅಂತ ಅವಳು ಕೂಗಿದ್ಲು.

ಗೋಡೆ ಮೇಲಿನ ಹೆಸರೋ, ಮತ್ತೆ ಹಪ್ಪಳ. ಕಾಗೆ ಜಾರಿ ಬಿತ್ತು. ಅದು ಬಿದ್ದದ್ದು ನಾಯಿ ಮೇಲೆ. ನಾಯಿ ಕಚ್ಚಿದ್ದು ಮಂತ್ರೀನ. ಮಂತ್ರಿ ದಪ್ಪ ಇದ್ದದ್ದಕ್ಕೆ ಬದುಕ್ಕೊಂಡ.

ರಾಜ ಯೋಚನೆ ಮಾಡ್ದ. ದಪ್ಪ ಬೇಕು ಅಂದ್ರೆ ಚುಕ್ಕಿ ಬೇಕು. ಚುಕ್ಕಿ ಬೇಕು ಅಂದ್ರೆ ತಾನು ಚಿಕ್ಕೋನಾಗಬೇಕು. ಆಗ ಹೊಳೀತು.

"ಚುಕ್ಕಿ ಕಿತ್ತ ಜಾಗದಲ್ಲಿ ನಾನೇ ಹೋಗಿ ಕೂರ್ತೀನಿ! ಗೆರೆಗಳೆಲ್ಲ ನನ್ನ ಹತ್ರಾನೇ ಬರ್ಲಿ. ಇನ್ನು ಈ ಮೇಷ್ಟ್ರು. ನನ್ನ ಗೆರೆಗಳನ್ನ ಪರರ ಮನೆಗೆ ಅಟ್ಟಿದ್ದು ಇವನ ಬಲಗೈ ಅಲ್ವಾ? ಮೊದಲ ಗೆರೆ ಬಂದು ನನಗೆ ತಾಗಿದ ಕೂಡ್ಲೇ 'ಕಡಿ' ಅಂತ ಕೂಗ್ತೀನಿ. ತಳವಾರ ಮಾರಣ್ಣಾ, ಕೂಗು ಕೇಳ್ತಿದ್ದಂಗೇ ಆ ಕೈ ಕಡಿ."

ಕಾಳಾಚಾರಿ ಮೇಷ್ಟ್ರು ಮಕ್ಕಳ ಎದುರಿಗೇ ಗೊಳೋ ಅಂತ ಅತ್ತುಬಿಟ್ರು. "ಬಲಗೈ ಹೋದ್ರೆ ಬರೆಯೋದು ಹೇಗೆ, ಉಣ್ಣೋದು ಹೇಗೆ, ಈ ಮಕ್ಕಳ ಕಿವಿ ಹಿಂಡೋದು ಹೇಗೆ!" ಮಕ್ಕಳೂ ಅತ್ವು. ಕಿವಿ ಹಿಂಡಿಸ್ಕೊಂಡ ಮಕ್ಕಳು ಇನ್ನೂ ಜೋರಾಗಿ ಅತ್ವು. ಆದ್ರೂ ಮೇಷ್ಟ್ರು ಮೇಷ್ಟ್ರೇ ನೋಡಿ. ಕಣ್ಣೊರೆಸ್ಕೊಂಡು ಹೇಳಿದ್ರು:

"ಮಹಾಸ್ವಾಮಿ, ಆ ಜಾಗದ ಹತ್ರ ಹೋದದ್ದೆಲ್ಲ ಚಿಕ್ಕದಾಗುತ್ತೆ. ಪಾಠ ಅದು."

"ಪಾಠ ಮಕ್ಕಳಿಗಯ್ಯಾ, ನಾನು ರಾಜ," ಅಂತ ಗುಂಡರಸ ಹೊರಟೇಬಿಟ್ಟ.

ಮೇಷ್ಟ್ರ ಕೈನ ಕಟ್ಟಿಗೆ ದಿಮ್ಮಿ ಮೇಲೆ ಇಡಿಸಿದ್ರು. ಮಾರಣ್ಣ ಕೊಡಲಿ ಎತ್ತಿ ನಿಂತ. ಅವನ ಮಗಳೂ ಅದೇ ಶಾಲೆಗೆ ಹೋಗ್ತಿದ್ಲು, ಅವನ ಕಣ್ಣಲ್ಲೂ ನೀರು. ರಾಜ ಗೋಡೆ ಗುಂಟ ನಡೆದ. 'ಗುಂ' ಹತ್ರ ಆಳೆತ್ತರ ಇದ್ದ. 'ಡ' ಹತ್ರ ಬಿಂದಿಗೆ ಎತ್ತರ. 'ರ' ದಾಟೋ ಹೊತ್ತಿಗೆ ಸೌಟು. 'ಸ' ದಾಟಿದ, ಮೆಣಸಿನಕಾಯಿ. ಕಿರೀಟ ಎಲ್ಲಿ, ತಲೆ ಎಲ್ಲಿ ಗೊತ್ತಾಗಲಿಲ್ಲ. ಆಮೇಲೆ ಸಾಸಿವೆ. ತೂತಿನೊಳಗೆ ಟಣ್ಣನೆ ಕೂತ.

ಕೂತಿದ್ದೇ ತಡ, ಗೆರೆಗಳೆಲ್ಲ ಓಡಿ ಬಂದು ಸೇರಿದ್ವು. ಹೆಸರು ದಪ್ಪ ಆಯ್ತು. ಬೆಟ್ಟ ಹಿಂದಕ್ಕೆ ಸರೀತು. ಮೇಷ್ಟ್ರು ಕಣ್ಣು ಬಿಗಿ ಮುಚ್ಚಿದ್ರು. ಮಾರಣ್ಣ ಕಿವಿ ನಿಮಿರಿಸಿದ.

ಏನೂ ಕೇಳಲಿಲ್ಲ.

ರಾಜ ಕೂಗದೆ ಇರ್ತಾನಾ? ಕೂಗೇ ಇರ್ತಾನೆ, ಗಂಟಲು ಹರಿಯೋ ಹಂಗೆ ಕೂಗಿರ್ತಾನೆ. ಆದ್ರೆ ರಾಜ ಸಾಸಿವೆಯಾದ ಮೇಲೆ ಅಪ್ಪಣೆ ಕುಂಬಳಕಾಯಿ ಆಗುತ್ತಾ? ಸಂಜೆವರೆಗೂ ಕಾದ್ರು. ಮಾರಣ್ಣನ ತೋಳು ನೋಯ್ತು.

"ನನಗಂತೂ ಏನೂ ಕೇಳಿಸ್ಲಿಲ್ಲ ಮೇಷ್ಟ್ರೇ. ನಿಮಗೆ?"

"ನನಗೂ ಇಲ್ಲಪ್ಪಾ," ಅಂದ್ರು ಮೇಷ್ಟ್ರು. ಕೈ ಎಳ್ಕೊಂಡ್ರು. ಅದೇ ಕೈಲಿ ಮೊದಲು ಸಿಕ್ಕ ಹುಡುಗನ ಕಿವಿ ಹಿಂಡಿದ್ರು. ಸಂತೋಷಕ್ಕೆ.

ಕುಂಕುಮದ ಭರಣಿ ಬಿಚ್ಚಿದ್ರು. ಚುಕ್ಕಿ ಹೊರಗೆ ಬಂತು, ಕೂರೋಕೆ ಜಾಗ ಇಲ್ಲ. ಸಿಂಹಾಸನ ಖಾಲಿ ಇತ್ತು, ಅದರ ಮೇಲೆ ಕೂರಿಸಿದ್ರು. ಉದ್ದ ಇಲ್ಲ, ಅಗಲ ಇಲ್ಲ, ಊಟ ಕೇಳಲ್ಲ, ಯಾರ ಮನೆಗೂ ಹೋಗಲ್ಲ. ಇಂಥ ದೊಡ್ಡ ರಾಜ ಹಿಂದೆ ಆಳಿದ್ದೇ ಇಲ್ಲ ಅಂತ ಜನ ಮೆಚ್ಚಿದ್ರು. ದಪ್ಪ ಮಂತ್ರಿಗೆ ಮಾತ್ರ ವ್ಯತ್ಯಾಸಾನೇ ಗೊತ್ತಾಗಲಿಲ್ಲ. ದಿನಾ ಬಂದು ಕೈ ಮುಗಿದು ಹೋಗ್ತಿದ್ದ.

ಗುಂಡರಸ ಈಗ್ಲೂ ಗೋಡೇಲೇ ಇದ್ದಾನೆ. ಕಿವಿ ಇಟ್ರೆ ಸೊಳ್ಳೆ ಗುಂಯ್‌ಗುಟ್ಟಿದಂಗೆ ಏನೋ ಕೇಳುತ್ತಂತೆ. ಮೇಷ್ಟ್ರು ಮಾತ್ರ ಆ ಕಡೆ ಕಿವಿ ಇಡೋಲ್ಲ. ಶಾಲೇಲಿ ಪಾಠ ಒಂಚೂರು ಬದಲಾಗಿದೆ, ಅಷ್ಟೇ. ಮಕ್ಕಳು ಈಗ ಹೀಗೆ ಹೇಳ್ತವೆ: "ಮೊದಲು ರಾಜನ್ನ ಇಡಿ, ಆಮೇಲೆ ಗೆರೆ ಎಳಿ, ಆಮೇಲೆ ದಪ್ಪ ಮಾಡಿ!"

ನೀತಿ ಏನು ಅಂತೀರಾ? ಎಲ್ಲಾ ನನ್ನ ಹತ್ರಾನೇ ಬರ್ಲಿ ಅನ್ನೋರನ್ನ ದೂರ ಕೂರಿಸಿ. ಕೂಗಿದ್ರೆ ಕೇಳದಷ್ಟು ದೂರ. ಕತೆ ಗೋಡೆ ಸೇರ್ತು, ನೀವು ಹಾಸಿಗೆ ಸೇರಿ. ಪುಟ್ಟೀ, ಆ ಸಿಪ್ಪೆ ಗುಡಿಸಿ ಹೋಗು.