ಚಿಪ್ಪಿನೊಳಗಿನ ಬಿಳಿ ಮೊಟ್ಟೆ

ಮಕ್ಕಳೇ, ಎಲ್ಲ ಕತೆಗಳೂ ಕಾಡಿನಲ್ಲೇ ನಡೆಯಬೇಕೆಂದಿಲ್ಲ. ಈ ಕತೆ ನಡೆದದ್ದು ಒಂದು ಮನೆಯ ಹಜಾರದಲ್ಲಿ, ಟಿವಿಯ ಪಕ್ಕ ಇಟ್ಟಿದ್ದ ಗಾಜಿನ ತೊಟ್ಟಿಯಲ್ಲಿ. ತೊಟ್ಟಿಯ ಮೂಲೆಯಲ್ಲಿ ಒಂದು ತೆಂಗಿನ ಚಿಪ್ಪನ್ನು ಬೋರಲು ಹಾಕಿದ್ದರು. ಅದರ ಅಂಚಿನಲ್ಲಿ ಬಾಗಿಲಿನ ಹಾಗೆ ಒಂದು ಕಂಡಿ. ಒಳಗೆ ವಾಸವಾಗಿದ್ದವನು ಜುಂಗಣ್ಣ ಎಂಬ ಮೀಸೆ ಮೀನು. ಮೂತಿಯ ತುಂಬ ಜುಂಗು ಜುಂಗಾದ ಮೀಸೆ ಇದ್ದದ್ದರಿಂದ ಆ ಹೆಸರು.

ಅವರ ಕುಲದಲ್ಲಿ ಒಂದು ಪದ್ಧತಿ ಉಂಟು. ತಾಯಿ ಮೊಟ್ಟೆಯಿಟ್ಟು ತನ್ನ ಪಾಡಿಗೆ ತಾನು ಹೋಗುತ್ತಾಳೆ. ಬಾಣಂತನವೆಲ್ಲ ತಂದೆಯದು. ಅವನು ಊಟ ಬಿಟ್ಟು, ಚಿಪ್ಪು ಬಿಟ್ಟು ಕದಲದೆ, ರೆಕ್ಕೆಯಿಂದ ಮೊಟ್ಟೆಗಳಿಗೆ ನೀರು ಬೀಸುತ್ತಲೇ ಇರಬೇಕು. ಬೀಸುವುದು ನಿಂತರೆ ಮೊಟ್ಟೆಗಳಿಗೆ ಉಸಿರು ಕಟ್ಟುತ್ತದೆ.

ಜುಂಗಣ್ಣನಿಗೆ ಇದು ಚೊಚ್ಚಲ ಬಾಣಂತನ. ಜೇನಿನ ಬಣ್ಣದ ಮೊಟ್ಟೆಗಳ ಗೊಂಚಲನ್ನು ನೋಡಿ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೀನಿಗೆಲ್ಲಿಯ ಕಾಲು ಅನ್ನಬೇಡಿ, ಹಿಗ್ಗಿದವರ ವಿಷಯದಲ್ಲಿ ಹಾಗೇ ಹೇಳುವುದು.

"ಒಂದೇ ಒಂದು ಮೊಟ್ಟೆ ಕೆಡೋದಿಲ್ಲ. ಬೇಕಾದ್ರೆ ಬರೆದಿಟ್ಕೊಳ್ಳಿ," ಎಂದು ಬಾಗಿಲಿಗೆ ಬಂದವರಿಗೆಲ್ಲ ಹೇಳಿದ. ಈ ಮಾತು ನವಿಲಿ ಎಂಬ ಗಪ್ಪಿ ಮೀನಿನ ಕಿವಿಗೂ ಬಿತ್ತು. ಅವಳ ಕಿವಿಗೆ ಬಿದ್ದರೆ ಇಡೀ ತೊಟ್ಟಿಗೆ ಡಂಗುರ ಸಾರಿದಂತೆಯೇ ಸರಿ.

ಮೂರನೆಯ ದಿನ ಬೆಳಿಗ್ಗೆ ಗೊಂಚಲಿನಲ್ಲಿ ಒಂದು ಮೊಟ್ಟೆ ಬೆಳ್ಳಗಾಗಿತ್ತು. ಅದರ ಮೈಮೇಲೆ ಹತ್ತಿಯ ಎಳೆಯಂಥ ಬೂಷ್ಟು. ಬಾಗಿಲಲ್ಲಿ ಎಲ್ಲರಿಗೂ ಹೇಳಿದ ಮಾತು ಜುಂಗಣ್ಣನಿಗೆ ನೆನಪಾಯಿತು. ತಾನೇ ಕಿತ್ತು ಹಾಕೋಣವೆಂದರೆ ಅವನ ಬಾಯಿ ದೊಡ್ಡದು, ಒಂದಕ್ಕೆ ಬಾಯಿ ಹಾಕಿದರೆ ಸುತ್ತಲಿನ ನಾಲ್ಕು ಒಡೆಯುತ್ತಿದ್ದವು.

ಅದೇ ಹೊತ್ತಿಗೆ ಕೆಂಚವ್ವ ಎಂಬ ಮುದಿ ಸಿಗಡಿ ಬಾಗಿಲಿಗೆ ಬಂದಳು. ತನ್ನ ಪುಟ್ಟ ಚಿಮಟದಂಥ ಕೈಗಳಿಂದ ತೊಟ್ಟಿಯ ಕಸ ಹೆಕ್ಕುವುದು ಅವಳ ಕಸುಬು.

"ಏನಪ್ಪಾ, ಬೂಷ್ಟಿನ ವಾಸನೆ ಬರ್ತಿದೆ. ಯಾವುದಾದ್ರೂ ಬೆಳ್ಳಗಾಗಿದ್ರೆ ಹೇಳು, ಅದೊಂದನ್ನ ಬಿಡಿಸಿಕೊಂಡು ಹೋಗ್ತೀನಿ. ಬಿಟ್ರೆ ಪಕ್ಕದ್ದಕ್ಕೂ ಹಬ್ಬುತ್ತೆ."

ಜುಂಗಣ್ಣ ಸರ್ರನೆ ಸರಿದು ಬಿಳಿ ಮೊಟ್ಟೆಯ ಮೇಲೆ ಮೈ ಹಾಕಿ ಕೂತ. "ಎಂಥ ಬೂಷ್ಟೂ ಇಲ್ಲ. ಮೊಟ್ಟೆ ಕದಿಯೋ ಆಸೆ ಇದ್ರೆ ಹಾಗಂತ ಹೇಳು."

ಕೆಂಚವ್ವನ ಮುಖ ಚಿಕ್ಕದಾಯಿತು. "ನಿನ್ನಿಷ್ಟ," ಎಂದು ಹೊರಟುಹೋದಳು.

ಮೈ ಹಾಕಿ ಕೂತವನು ರೆಕ್ಕೆ ಬೀಸುವುದು ಹೇಗೆ? ಅವನ ಹೊಟ್ಟೆಯ ಕೆಳಗಿನ ಮೊಟ್ಟೆಗಳಿಗೆ ನೀರೇ ಆಡಲಿಲ್ಲ. ಮಧ್ಯಾಹ್ನಕ್ಕೆ ನಾಲ್ಕು ಬೆಳ್ಳಗಾದವು, ಸಂಜೆಗೆ ಹತ್ತು. ಯಾರಿಗೂ ಕಾಣದಿರಲೆಂದು ಅವನು ಇನ್ನಷ್ಟು ಅಗಲವಾಗಿ ಮೈ ಚಾಚಿದ. ಮುಚ್ಚಿದಷ್ಟೂ ಬಿಳಿ ಹೆಚ್ಚಿತು.

"ಜುಂಗಣ್ಣ, ಎಲ್ಲಾ ಚೆನ್ನಾಗಿವೆಯಾ?" ಎಂದು ನವಿಲಿ ಇಣುಕಿದಳು.

"ಬಹಳ ಚೆನ್ನಾಗಿವೆ," ಎಂದು ಅವನು ಬಾಗಿಲಿಗೆ ಬೆನ್ನು ಮಾಡಿದ.

ಮರುದಿನ ಬೆಳಿಗ್ಗೆ ಭಯದಲ್ಲೇ ಮೈ ಎತ್ತಿ ನೋಡಿದ. ಗೊಂಚಲಿನ ಮುಕ್ಕಾಲು ಪಾಲು ಬೆಳ್ಳಗಾಗಿತ್ತು. ಉಳಿದವುಗಳಲ್ಲಿ ಒಂದರೊಳಗೆ ಎರಡು ಕಪ್ಪು ಕಣ್ಣು ಮೂಡಿದ್ದವು. ಪುಟ್ಟ ಬಾಲವೊಂದು ಒಳಗೇ ಮಿಸುಕಿತು. ಬೂಷ್ಟಿನ ಎಳೆ ಆ ಮೊಟ್ಟೆಯ ಮೈಗೆ ಆಗಲೇ ತಾಗಿತ್ತು.

ಜುಂಗಣ್ಣ ಇನ್ನು ತಡೆಯಲಾರದೆ ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವಂತೆ ಕೂಗಿದ. "ಕೆಂಚವ್ವಾ, ಬಾ. ಮೊಟ್ಟೆಗಳು ಕೆಟ್ಟಿವೆ. ನಾನು ಸುಳ್ಳು ಹೇಳಿದೆ."

ಕೆಂಚವ್ವ ಕಲ್ಲಿನ ಮರೆಯಿಂದ ತಲೆ ಹೊರಹಾಕಿದಳು. "ನಿನ್ನೆ ನನ್ನ ಕಳ್ಳಿ ಮಾಡಿದ್ಯಲ್ಲ."

"ತಪ್ಪಾಯ್ತು. ಬೈಯೋದಿದ್ರೆ ಆಮೇಲೆ ಬೈ, ಈಗ ಬಾ."

ಅವಳು ಒಳಗೆ ಬಂದಳು. "ನೀನು ಪಕ್ಕಕ್ಕೆ ಸರಿದು ಬೀಸ್ತಾ ಇರು. ನನ್ನ ಕೈ ನೋಡ್ಬೇಡ, ಗಾಬರಿಯಾಗ್ತೀಯ."

ನೋಡದಿರಲು ಅವನಿಂದ ಆಗಲಿಲ್ಲ. ಅವಳ ಕೈ ಒಂದೊಂದೇ ಬಿಳಿ ಮೊಟ್ಟೆಯನ್ನು ಬಿಡಿಸುತ್ತ ಬಂತು. ಕಣ್ಣು ಮೂಡಿದ ಮೊಟ್ಟೆಯ ಮೇಲೆ ಬಂದು ನಿಂತಿತು. ಒತ್ತಿ ನೋಡಿತು. ಒಂದು ಚಿವುಟಿಗೆ ಎಲ್ಲ ಮುಗಿಯುತ್ತಿತ್ತು. ಆದರೂ ಜುಂಗಣ್ಣ ರೆಕ್ಕೆ ಬೀಸುವುದನ್ನು ನಿಲ್ಲಿಸಲಿಲ್ಲ.

"ಇದು ಗಟ್ಟಿಯಾಗಿದೆ," ಎಂದು ಕೆಂಚವ್ವ ಬೂಷ್ಟಿನ ಎಳೆಯನ್ನಷ್ಟೇ ಒರೆಸಿ ಮುಂದಕ್ಕೆ ಹೋದಳು.

ಎರಡು ದಿನ ಕಳೆದು ಮರಿಗಳು ಹೊರಬಂದವು. ಮೊಟ್ಟೆಯ ಹಳದಿ ಇನ್ನೂ ತುಂಬಿದ್ದ ಹೊಟ್ಟೆ ಹೊತ್ತು ಚಿಪ್ಪಿನ ಗೋಡೆಗೆ ಅಂಟಿಕೊಂಡವು. ನವಿಲಿ ಇಣುಕಿ ಎಣಿಸಿದಳು.

"ಹನ್ನೊಂದೇನಾ ಜುಂಗಣ್ಣ?"

"ಹನ್ನೊಂದೇ. ಮಿಕ್ಕವು ನನ್ನಿಂದಲೇ ಹೋದವು. ಮೊದಲನೆಯದು ಬೆಳ್ಳಗಾದಾಗಲೇ ಹೇಳಿದ್ರೆ ಒಂದೇ ಒಂದು ಹೋಗ್ತಿತ್ತು."

ಹೇಳುವಾಗ ಅವನಿಗೆ ಅಳು ಬಂತು, ಆದರೂ ಪೂರ್ತಿ ಹೇಳಿದ. ಡಂಗುರ ಸಾರಲು ನವಿಲಿಗೆ ಏನೂ ಉಳಿಯಲಿಲ್ಲ. ಕೆಂಚವ್ವ ಯಾರನ್ನೂ ಕೇಳದೆ ಒಳಗೆ ಬಂದು ಮರಿಗಳ ಪಕ್ಕ ಕೂತಳು. ಜುಂಗಣ್ಣ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.

ನೀತಿ: ಮರ್ಯಾದೆಗೆ ಅಂಜಿ ಕೆಟ್ಟದ್ದನ್ನು ಮುಚ್ಚಿಟ್ಟರೆ, ಅದರ ಪಕ್ಕದಲ್ಲಿರುವ ಒಳ್ಳೆಯದೂ ಕೆಡುತ್ತದೆ.